ನಾಲ್ಕು ಬೆರಳು ಹೆಚ್ಚು ಎತ್ತರದ ಕುರ್ಚಿ

ಬಡಗಿ ತಾಯಪ್ಪನ ಹೊಟ್ಟೆ ಉರಿಯತೊಡಗಿದ್ದು ನಿನ್ನೆ ಮೊನ್ನೆಯಲ್ಲ, ಮೂರು ವರ್ಷವಾಯಿತು. ಹಿಂಜವಾಡಿಯ ಬಂಗಲೆಯೊಂದಕ್ಕೆ ಅವನು ಕೆತ್ತಿದ ದೇವರಮನೆಯ ಬಾಗಿಲನ್ನು ಗುತ್ತಿಗೆದಾರ ಭುಜಂಗ ತನ್ನ ಕೈಕೆಲಸವೆಂದು ಹೇಳಿ ಶಾಲು ಹೊದಿಸಿಕೊಂಡಿದ್ದ. "ಇವರ್ಯಾರು?" ಎಂದು ಮನೆಯವರು ಕೇಳಿದರೆ, "ಇಂವಾ? ಕಟಿಗಿ ಹೊಟ್ಟು ಗುಡಿಸೋ ಆಳ್ರಿ" ಎಂದುಬಿಟ್ಟ, ತಾಯಪ್ಪನ ಎದುರಿಗೇ. ಉಳಿ ಹಿಡಿಯಲೂ ಬಾರದ ಪುಣ್ಯಾತ್ಮ! ಆ ಬಾಯಿಂದಲೇ, ನಾಲ್ಕು ಜನರ ಮುಂದೆ, ತನ್ನ ಹೆಸರು ಹೇಳಿಸಬೇಕೆಂದು ತಾಯಪ್ಪ ಅಂದೇ ಹಲ್ಲು ಕಚ್ಚಿ ಪಣ ತೊಟ್ಟಿದ್ದ.

"ಹೋಗ್ಲಿ ಬಿಡ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎಂದು ಹೆಂಡತಿ ಶರಣಮ್ಮ ಹೇಳಿ ಹೇಳಿ ಸೋತಳು.

"ಹೊಟ್ಟ್ಯಾಗ ಜಾಗಾ ಉಳದಿಲ್ಲ."

ಈ ವರ್ಷ ತಳೇಗಾಂವದ ಬಡಗಿಗಳ ಸಂಘ ಭುಜಂಗನಿಗೆ ಸನ್ಮಾನ ಗೊತ್ತುಮಾಡಿತು. ತಾನೇ ಕೆತ್ತಿದ ಕುರ್ಚಿಯಲ್ಲಿ ಕೂತು ಹಾರ ಹಾಕಿಸಿಕೊಳ್ಳುತ್ತೇನೆಂದು ಅವನು ಊರಿಗೆಲ್ಲ ಸಾರಿದ. ಕೆತ್ತಲು ಕರೆದದ್ದು ಯಾರನ್ನು? ತಾಯಪ್ಪನನ್ನೇ.

ತಾಯಪ್ಪ ಕಡ್ಡಿ ಹಿಡಿದು ಭುಜಂಗನ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳತೆ ತೆಗೆದ. ಕುರ್ಚಿ ಮಾಡುವವನು ಮೊದಲು ತೆಗೆಯುವ ಅಳತೆಯೇ ಅದು. ಸಾಗವಾನಿ ಕಾಲುಗಳನ್ನು ಕೊಯ್ಯುವಾಗ ಅದಕ್ಕೆ ನಾಲ್ಕು ಬೆರಳು ಸೇರಿಸಿದ. ಆಮೇಲೆ ತಿಂಗಳಿಡೀ ಕೈಗರಗಸ, ಉಳಿ, ಕೊಡತಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಬೆನ್ನಿಗೆ ಹೂಬಳ್ಳಿ, ಕೈಗಳಿಗೆ ಗಿಣಿ. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಸೇಡಿಗೆಂದು ಕೆತ್ತನೆ ಕೆಡಿಸುವ ಮನುಷ್ಯನಲ್ಲ ಅವನು. ಭುಜಂಗ ಫೋನಿನಲ್ಲಿ ಫೋಟೋ ನೋಡಿ "ಭಾಳ ಛಂದ ಅದ" ಎಂದ, ಬಂದು ಕೂತು ನೋಡುವ ಉಸಾಬರಿಗೆ ಹೋಗಲಿಲ್ಲ.

ಸನ್ಮಾನದ ದಿನ ಭುಜಂಗ ವೇದಿಕೆಯ ಮೇಲೆ ಆ ಕುರ್ಚಿಯಲ್ಲಿ ಠೀವಿಯಿಂದ ಒರಗಿ ಕೂತ. ಅಯ್ಯೋ, ಕಾಲು ನೆಲಕ್ಕೇ ಮುಟ್ಟಲಿಲ್ಲ! ಮುಂದೆ ಜರುಗಿದರೂ ಹೆಬ್ಬೆರಳಷ್ಟೇ ತಾಗಿತು. ಕೂಡಿದ್ದವರೆಲ್ಲ ಬಡಗಿಗಳು, ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಏನ್ರಿ ಮೇಸ್ತ್ರಿ, ನಿಮ್ಮ ಕಾಲಿನ ಅಳತಿನೇ ನಿಮಗ ಸಿಗಲಿಲ್ಲೇನು?" ಎಂದು ಮುಂದಿನ ಸಾಲಿನಿಂದ ಮುದುಕ ದೇವದಾಸ್ ಕೂಗಿದ. ಸಭೆ ಗೊಳ್ಳೆಂದು ನಕ್ಕಿತು.

ಭುಜಂಗನ ಮುಖ ಕೆಂಪೇರಿತು. "ಇದನ್ನ ನಾ ಮಾಡಿಲ್ರೀ!" ಎಂದು ಚೀರಿದ. "ಆ ಹರಾಮಖೋರ ತಾಯಪ್ಪ ಮಾಡ್ಯಾನ! ಎಲ್ಲಾ ಅವನ ಕೈಕೆಲಸ!"

ನಗು ತಟ್ಟನೆ ನಿಂತಿತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ತಾಯಪ್ಪ ಕಟ್ಟಕಡೆಯ ಸಾಲಿನಲ್ಲಿ ಎದ್ದು ನಿಂತಿದ್ದ.

"ಇನ್ನೊಂದ್ಸಲ ಹೇಳ್ರಿ, ಯಜಮಾನ್ರ" ಎಂದ. "ಹಿಂದಿನವರಿಗಿ ಹೆಸರು ಸರಿಯಾಗಿ ಕೇಳಿಸಿಲ್ಲ."