ಏಳನೇ ಮೆಟ್ಟಿಲು

ಕಳೆದ ರವಿವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಕಣ್ಣು ಮುಚ್ಚಿದ್ದೆ. ಇನ್ನೊಂದನ್ನು ಮುಚ್ಚುವಷ್ಟರಲ್ಲಿ ಮರದ ಮೆಟ್ಟಿಲು ಕಿರುಗುಟ್ಟಿದ ಸದ್ದು ಕೇಳಿತು. ನೀವೇ ಹೇಳಿ, ಮುಂಬೈಯ ವಿಕ್ರೋಳಿಯ ಸಿಮೆಂಟು ಬಿಲ್ಡಿಂಗಿನ ಬಾಡಿಗೆ ಮನೆಯಲ್ಲಿ ಮರದ ಮೆಟ್ಟಿಲು ಎಲ್ಲಿಂದ ಬರಬೇಕು? ಎದ್ದು ನೋಡಿದರೆ ಮಗಳು ಮೇಘಾ ಕಂಪ್ಯೂಟರ್ ಮುಂದೆ ಕೂತು, ಯಾವುದೋ ಹಳೆಯ ಮನೆಯೊಳಗೆ ಟಾರ್ಚ್ ಹಿಡಿದು ತಿರುಗುತ್ತಿದ್ದಳು.

ಅದು ವಿಡಿಯೋ ಗೇಮ್. ಪಾರ್ಲೆಯ ಕಾಲೇಜಿನಲ್ಲಿ ಓದುವ ಇವಳು ಅಲ್ಲಿನ ಹುಡುಗರ ಪತ್ರಿಕೆಗೆ ಗೇಮುಗಳ ವಿಮರ್ಶೆ ಬರೆಯುತ್ತಾಳೆ. ಗೇಮ್ ಎಂದರೆ ಗುಂಡು ಹಾರಿಸುವುದು ಅಂದುಕೊಂಡವನು ನಾನು. ಇದರಲ್ಲಿ ಗುಂಡೂ ಇಲ್ಲ, ಗುದ್ದಾಟವೂ ಇಲ್ಲ. ಆ ಮನೆಯವರೆಲ್ಲ ಎಲ್ಲಿಗೋ ಹೋಗಿದ್ದಾರೆ. ನಾವೊಬ್ಬರೇ ಕೋಣೆಯಿಂದ ಕೋಣೆಗೆ ನಡೆದು, ಡ್ರಾವರ್ ಎಳೆದು, ಪತ್ರ ಓದಿ, ಅವರೆಲ್ಲಿ ಹೋದರೆಂದು ಪತ್ತೆ ಹಚ್ಚಬೇಕು. ಪರದೆಯ ಮೇಲೆ ಎಲ್ಲವೂ ನಮ್ಮ ಕಣ್ಣಿಗೇ ಕಂಡಂತೆ ಕಾಣುತ್ತದೆ.

"ಪಪ್ಪಾ, ನೀ ಆಡಿ ನೋಡು ನಾ. ನನಗ ಹಳೇ ಮಂದಿ ಒಪಿನಿಯನ್ ಬೇಕು," ಎಂದಳು. ಐವತ್ತೆರಡಕ್ಕೇ ಹಳೇ ಮಂದಿಯಾದ ಬೇಸರವನ್ನು ನುಂಗಿಕೊಂಡು ಕುರ್ಚಿಯಲ್ಲಿ ಕೂತೆ.

ಮೊದಲನೇ ಬಾಗಿಲಲ್ಲೇ ನಿಂತುಬಿಟ್ಟೆ. "ಯಾರರೆ ಅದಾರೇನ್ರಿ ಒಳಗ?" ಎಂದು ಬಾಯಿಂದ ಬಂದೇ ಹೋಯಿತು. ಮೇಘಾ ಹಣೆ ಬಡಿದುಕೊಂಡಳು. "ಯಾರೂ ಇಲ್ಲ ಪಪ್ಪಾ. ವಹೀ ತೋ ಸ್ಟೋರಿ ಐತಿ." ಸರಿ, ಚಪ್ಪಲಿಯಾದರೂ ಬಿಟ್ಟು ಹೋಗೋಣವೆಂದು ಕೆಳಗೆ ನೋಡಿದರೆ ಕಾಲುಗಳೇ ಇಲ್ಲ. ಕೈಯಲ್ಲಿ ಟಾರ್ಚಿದೆ, ಕೆಳಗೆ ಬರೀ ನೆಲ. ಇಷ್ಟು ಚೆಂದದ ಮನೆ ಕಟ್ಟಿದವರಿಗೆ ಎರಡು ಕಾಲು ಕೊಡಲು ಏನು ದಾಡಿಯೋ ನನಗಂತೂ ತಿಳಿಯಲಿಲ್ಲ. "ಇದನ್ನ ಬರಕೋ," ಅಂದೆ. ಅವಳು ನಿಜವಾಗಿಯೂ ಬರೆದುಕೊಂಡಳು.

ಸುಳ್ಳೇಕೆ ಹೇಳಲಿ, ಮನೆ ಮಾತ್ರ ನನ್ನನ್ನು ಹಿಡಿದುಬಿಟ್ಟಿತು. ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಅಡುಗೆಮನೆಯ ಕುರ್ಚಿಯೊಂದು ಗೇಣು ಹಿಂದಕ್ಕೆ ಸರಿದಿತ್ತು. ಯಾರೋ ಈಗಷ್ಟೇ ಎದ್ದು ಹೋಗಿರಬೇಕು ಅನ್ನಿಸುವಂತೆ. ಆ ಕುರ್ಚಿಯನ್ನು ಅಷ್ಟೇ ಸರಿಸಬೇಕೆಂದು ಹೊಳೆದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಡ್ರಾವರುಗಳ ವಿಷಯ ನಂಬುವಂಥದ್ದಲ್ಲ. ಯಾವುದನ್ನು ಎಳೆದರೂ ಕಣ್ಣೀರಿನ ಪತ್ರ. ನಮ್ಮ ಮನೆಯ ಡ್ರಾವರಿನಲ್ಲಿ ರಬ್ಬರ್ ಬ್ಯಾಂಡು, ತಾರೀಖು ಮುಗಿದ ಗುಳಿಗೆ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಮೂರು ಕೀಲಿಕೈ ಇವೆ. ನಾವು ನಾಳೆ ಮಾಯವಾದರೆ ನಮ್ಮನ್ನು ಹುಡುಕಲು ಬಂದವರ ಗತಿ ದೇವರೇ ಬಲ್ಲ.

ಆಮೇಲೆ ಮೆಟ್ಟಿಲು ಬಂತು. ಆರು ಹತ್ತಿದೆ. ಏಳನೆಯದಕ್ಕೆ ಬರುತ್ತಲೇ ಬೆರಳು ತಾನಾಗಿ ಹಾರುವ ಗುಂಡಿಯನ್ನು ಒತ್ತಿತು.

"ಯಾಕ ಜಂಪ್ ಮಾಡಿದಿ? ಅಲ್ಲಿ ಏನೂ ಇಲ್ಲಲಾ."

ಅಲ್ಲಿ ಏನೂ ಇರಲಿಲ್ಲ, ಖರೆ. ಇದ್ದದ್ದು ಬೈಕುಲ್ಲಾದಲ್ಲಿ. ಹನ್ನೊಂದನೇ ವಯಸ್ಸಿಗೆ ಶಾಲೆ ಕಲಿಯಲು ವಿಜಯಪುರದಿಂದ ಬಂದ ನಾನು ಬೆಳೆದದ್ದು ಅಲ್ಲಿನ, ಒಂದೊಂದೇ ಕೋಣೆಯ ಮನೆಗಳ ಒಂದು ಚಾಳಿನ ಎರಡನೇ ಮಹಡಿಯಲ್ಲಿ, ಚಂದ್ರತ್ತಿಯ ಖೋಲಿಯಲ್ಲಿ. ಚಂದ್ರತ್ತಿ ನಮ್ಮಪ್ಪನ ಅಕ್ಕ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ತನ್ನನ್ನೂ ನನ್ನನ್ನೂ ಸಾಕಿದಳು. ಒಲೆ ಗೋಡೆಯ ಕಡೆಗಿತ್ತು, ಹಾಗಾಗಿ ಅವಳ ಬೆನ್ನು ಸದಾ ಬಾಗಿಲಿಗೆ. ಹಿಟ್ಟಿನ ಕೈಯಲ್ಲಿ ಯಾರು ಬಂದರೆಂದು ತಿರುಗಿ ತಿರುಗಿ ನೋಡುವ ಪುರುಸೊತ್ತಿಲ್ಲ.

ನೋಡುವ ಅಗತ್ಯವೂ ಇರಲಿಲ್ಲ. ನಮ್ಮ ಮಹಡಿಗೆ ಹತ್ತುವ ಮರದ ಮೆಟ್ಟಿಲುಗಳಲ್ಲಿ ಏಳನೆಯದು ಸೀಳಿತ್ತು. ಚಾಳಿನವರೆಲ್ಲ ಅದನ್ನು ದಾಟಿಯೇ ಕಾಲಿಡುತ್ತಿದ್ದರು. ತಲೆಯ ಮೇಲೆ ನೀರಿನ ಕೊಡವಿದ್ದರೂ ಅಷ್ಟೇ, ಕುಡಿದು ಬಂದವರಾದರೂ ಅಷ್ಟೇ. ಪರಕೀಯರು ಮಾತ್ರ ಅದನ್ನು ತುಳಿಯುತ್ತಿದ್ದರು, ಅದು ಓಣಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಅದು ಅರಚಿದರೆ ಅತ್ತಿಯ ಕೈ ನಿಲ್ಲುತ್ತಿತ್ತು. ತಿರುಗಿ, "ಯಾರು ಬೇಕ್ರಿ?" ಅನ್ನುತ್ತಿದ್ದಳು. ಅರಚದಿದ್ದರೆ ಬಂದವರು ನಮ್ಮವರು. ರೊಟ್ಟಿಯ ಸಪ್ಪಳ ನಿಲ್ಲುತ್ತಲೇ ಇರಲಿಲ್ಲ, ಮಾತು ಬೆನ್ನಿನ ಕಡೆಯಿಂದಲೇ ಬರುತ್ತಿತ್ತು. ನನ್ನ ಕಾಲಿಗೆ ಆ ಪಾಠ ಎಷ್ಟು ಹತ್ತಿದೆಯೆಂದರೆ, ಇಂದಿಗೂ ಸ್ಟೇಶನ್ನಿನ ಬ್ರಿಜ್ ಹತ್ತುವಾಗ ಏಳನೆಯದನ್ನು ದಾಟುತ್ತೇನೆ. ಹಿಂದೆ ಬರುವವರು ಬೈಯುತ್ತಾರೆ, ಬೈಯಲಿ.

ಇಷ್ಟು ಹೇಳಿ ಮತ್ತೆ ಗೇಮಿನ ಮೆಟ್ಟಿಲನ್ನು ಹತ್ತಿ ಇಳಿದು ನೋಡಿದೆ. "ಇದರ ದೊಡ್ಡ ತಪ್ಪು ಇದs ನೋಡು. ಎಲ್ಲಾ ಮೆಟ್ಟಿಲೂ ಒಂದ ನಮೂನಿ ಕೂಗತಾವು. ಇವಕ್ಕ ಯಾರ ಗುರ್ತೂ ಇಲ್ಲ."

ಹೇಳಿದ ಮೇಲೆ ಹೊಳೆಯಿತು. ಇದೇ ಮಾತನ್ನು ನನಗೆ ಬೇರೆ ಒಬ್ಬರು ಹೇಳಿದ್ದರು.

ಚಾಳು ಕೆಡವಿ ಟವರ್ ಕಟ್ಟುವ ಮಾತು ಬಂದಾಗ ಒಪ್ಪದೆ ಕೂತವಳು ಚಂದ್ರತ್ತಿ, ಒಪ್ಪಿಸಿದವನು ನಾನು. "ಸ್ವಂತ ಸಂಡಾಸ ಬರತೈತಿ, ಲಿಫ್ಟ್ ಬರತೈತಿ, ಮೊಣಕಾಲಿಗೆ ಆರಾಮ," ಎಂದು ತಿಂಗಳುಗಟ್ಟಲೆ ತಲೆ ತಿಂದೆ. ನನ್ನ ಮಾತಿನ ಮೇಲೆ ಅವಳು ಸಹಿ ಹಾಕಿದಳು. ಹನ್ನೊಂದನೇ ಮಹಡಿಯ ಹೊಸ ಮನೆಗೆ ಮೊದಲ ಸಲ ಹೋಗಿ ಬೆಲ್ ಒತ್ತಿದಾಗ, ಬಾಗಿಲನ್ನು ಬೆರಳಷ್ಟು ತೆರೆದು, "ಯಾರು ಬೇಕ್ರಿ?" ಅಂದಳು. ಆಮೇಲೆ ಗುರುತು ಹಿಡಿದು ಒಳಗೆ ಕರೆದು ಹೇಳಿದಳು: "ಇಲ್ಲಿ ಎಲ್ಲಾರೂ ಒಂದ ನಮೂನಿ ಬರತಾರ ತಮ್ಮಾ. ನೀನೂ ಹಂಗs ಬಂದಿ." ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವಳ ಬಾಗಿಲಲ್ಲಿ ಪರಕೀಯನಾದೆನಲ್ಲ ಎಂಬ ಸಂಕಟಕ್ಕೆ ನಾನು ಎಂಟು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಆಫೀಸು, ಲೋಕಲ್, ಮಂಡಿನೋವು ಎಂದು ಫೋನಿನಲ್ಲಿ ನೆಪ ಹೇಳುತ್ತಿದ್ದೆ.

ಇದನ್ನೂ ಹೇಳಿ ಮುಗಿಸುವಷ್ಟರಲ್ಲಿ ಮೇಘಾ ಗೇಮ್ ಬಂದ್ ಮಾಡಿ ಚಪ್ಪಲಿ ಹಾಕಿಕೊಂಡಳು. "ಚಲ್ ಪಪ್ಪಾ. ನಿನ್ನ ಕಾಲಿನ ಗುರ್ತು ಸಿಗತೈತೇನು, ಟೆಸ್ಟ್ ಮಾಡೋಣ."

ಅತ್ತಿಯ ಟವರಿಗೆ ಹೋಗಿ, ಲಿಫ್ಟಿನಿಂದ ಹತ್ತನೇ ಮಹಡಿಯಲ್ಲೇ ಇಳಿದೆವು. ಒಂದು ಮಹಡಿ ಮೆಟ್ಟಿಲು ಹತ್ತಿ ಹೋಗಬೇಕೆಂದು ಅವಳ ಹಟ. ಮೇಲೆ ಅತ್ತಿಯ ಬಾಗಿಲು ತೆರೆದೇ ಇತ್ತು. ಮುಚ್ಚದಂತೆ ಕುಟ್ಟುವ ಕಲ್ಲನ್ನು ಅಡ್ಡ ಇಟ್ಟಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಕೆಳಗಿನವರೆಗೂ ಬರುತ್ತಿತ್ತು. ಮೊದಲು ಮೇಘಾ ಹತ್ತಿದಳು, ಟಪ ಟಪ ಟಪ, ಒಂದನ್ನೂ ಬಿಡದೆ. ಸಪ್ಪಳ ನಿಂತಿತು.

"ಯಾರು ಬೇಕ್ರಿ?"

ಮೇಘಾ ಉಸಿರೆತ್ತದೆ ಮೇಲಿನಿಂದ ನನಗೆ ಕೈ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿಗೆ ಬಡಿತ ಮತ್ತೆ ಶುರುವಾಯಿತು. ನಾನು ಕಾಲೆತ್ತಿದೆ. ಸಿಮೆಂಟಿನ ಮೆಟ್ಟಿಲು, ತುಳಿದರೂ ಅರಚುವುದಿಲ್ಲ, ದಾಟಿದರೆ ಹೆಜ್ಜೆಯ ಸದ್ದೊಂದು ಕಡಿಮೆ, ಅಷ್ಟೇ. ಎಪ್ಪತ್ತಾರರ ಕಿವಿ ಏನು ತಾನೇ ಕೇಳೀತು? ಪರೀಕ್ಷೆಗೆ ಕೂತಾಗಲೂ ನಾನು ಇಷ್ಟು ಹೆದರಿರಲಿಲ್ಲ. ನಾಲ್ಕು, ಐದು, ಆರು. ಏಳನೆಯದನ್ನು ದಾಟಿ ಎಂಟಕ್ಕೆ ಕಾಲಿಟ್ಟೆ. ಬಡಿತ ನಿಲ್ಲಲಿಲ್ಲ. ಒಂಬತ್ತು, ಹತ್ತು. ನಿಲ್ಲಲಿಲ್ಲ. ಬಾಗಿಲಿಗೆ ಬಂದೆ.

ಒಳಗೆ ಚಂದ್ರತ್ತಿ, ಹೊಸ ಅಡುಗೆಕಟ್ಟೆಯನ್ನು ಬಿಟ್ಟು ನೆಲದ ಮೇಲೆ ಕೂತು, ಬೆನ್ನು ನಮ್ಮ ಕಡೆ ಮಾಡಿ ರೊಟ್ಟಿ ಬಡಿಯುತ್ತಿದ್ದಳು.

"ಎಂಟು ತಿಂಗಳಾತು," ಎಂದಳು, ತಿರುಗದೆ. "ಕೈಕಾಲು ತೊಳಕೊಂಡು ಕೂಡ್ರು ತಮ್ಮಾ, ರೊಟ್ಟಿ ಬಿಸಿ ಐತಿ. ಮತ್ತ ಆ ಮೊದಲ ಬಂದವರನ್ನೂ ಕರಿ, ಹೊರಗ ನಿಂತಾರ."