ಕೊರತೆ ಹೇಳಿ ಕೋಣೆ ಕೊಡುವ ಇಲ್ಲಕ್ಕ

ಕೆಟ್ಟ ಲಾಡ್ಜುಗಳ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದಕ್ಕೆ ಬರಬೇಡಿ. ಲಿಫ್ಟ್ ರಿಪೇರಿ ಮಾಡುತ್ತ ಊರೂರು ಅಲೆಯುವ ನನಗೆ ಮನೆಯ ಹಾಸಿಗೆಗಿಂತ ಲಾಡ್ಜಿನ ಹಾಸಿಗೆಯೇ ಹೆಚ್ಚು ಪರಿಚಯ. ಒಗೆದಿದ್ದೇವೆ ಎಂದು ಹೇಳಿ ಮಗುಚಿ ಹಾಸಿದ ಚಾದರ, ಹಿಂದೆ ಇದ್ದವನ ಕೂದಲು ಅಂಟಿದ ಸೋಪು, ತಿರುಗಿಸಿದರೆ ಕೈಗೇ ಬರುವ ನಲ್ಲಿ, ಎಷ್ಟು ಸಲ ಬೆಲ್ ಒತ್ತಿದರೂ ಇಣುಕದ ಆಳು, ಎಲ್ಲವನ್ನೂ ಕಂಡವನು ನಾನು. ಅದನ್ನಾದರೂ ಸಹಿಸಿಕೊಂಡೇನು. ನನ್ನ ಪಿತ್ತ ನೆತ್ತಿಗೇರುವುದು ಕೌಂಟರಿನಲ್ಲಿ ಕೂತವರ ನಗು ಕಂಡಾಗ. “ಎಲ್ಲಾ ಸರಿಯಾಗಿದೆ ಸರ್” ಎನ್ನುತ್ತಾರೆ. ಮೇಲೆ ಹೋಗಿ ನೋಡಿದರೆ ಒಂದೂ ಸರಿಯಿರುವುದಿಲ್ಲ. ಕೆಳಗಿಳಿದು ಬಂದು ಕೂಗಾಡಿದರೆ, “ಬೆಳಿಗ್ಗೆ ಮಾಡಿಸಿಕೊಡ್ತೀವಿ ಸರ್.” ಬೆಳಿಗ್ಗೆ ನಾನು ಬಸ್ಸಿನಲ್ಲಿರುತ್ತೇನೆ ಎಂಬುದು ಅವರಿಗೂ ಗೊತ್ತು. ನಾನು ಮನೆಯಲ್ಲಿ ಮಲಗಿದ್ದಾಗಲೂ ನಿದ್ದೆಗಣ್ಣಿನಲ್ಲಿ ಮ್ಯಾನೇಜರನ್ನು ಕರೆಯುತ್ತೇನಂತೆ, ನನ್ನ ಹೆಂಡತಿಯ ದೂರು ಅದು.

ಇಂಥ ನಾನು ಲಾಡ್ಜಿನವರೊಬ್ಬರನ್ನು ಹೊಗಳಲು ಕೂತಿದ್ದೇನೆ ಎಂದರೆ ಅವರು ಎಂಥವರಿರಬೇಕು, ನೀವೇ ಯೋಚಿಸಿ.

ಆ ಲಾಡ್ಜು ದೊಡ್ಡಾಸ್ಪತ್ರೆಯ ಎದುರಿನ ಗಲ್ಲಿಯಲ್ಲಿತ್ತು. ಕೆಳಗೆ ಔಷಧಿ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೆಟ್ಟಿಲ ಬದಿಗೆ ಎಂದೋ ಕೆಟ್ಟುನಿಂತ ಲಿಫ್ಟು. ಸರಿ ಮಾಡಿಕೊಡಲೇ ಎಂದು ಒಮ್ಮೆ ಯಜಮಾನರನ್ನು ಕೇಳಿದ್ದೆ. “ಮೆಟ್ಟಿಲು ಹತ್ತಿದ್ರೆ ಆರೋಗ್ಯಕ್ಕೆ ಒಳ್ಳೇದಪ್ಪ” ಎಂದು ಕೈ ತೊಳೆದುಕೊಂಡರು. ಆಸ್ಪತ್ರೆಗೆ ಬಂದವರು ಬೇರೆ ದಾರಿಯಿಲ್ಲದೆ ಇಲ್ಲಿಗೆ ಬರುತ್ತಾರೆ ಎಂಬ ಧೈರ್ಯ ಅವರಿಗೆ. ಹಾಗಾಗಿ ಆ ಕಟ್ಟಡದಲ್ಲಿ ಕೆಟ್ಟಿದ್ದು ಕೆಟ್ಟೇ ಇರುತ್ತಿತ್ತು.

ನಾನು ಮೊದಲ ಸಲ ಹೋದಾಗ ಕೌಂಟರಿನಲ್ಲಿ ಒಬ್ಬ ಗಿಡ್ಡನೆಯ ಹೆಂಗಸು ನಿಂತಿದ್ದರು. ದಾರ ಕಟ್ಟಿದ ಕನ್ನಡಕ, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಅಭ್ಯಾಸಬಲದಿಂದ ಕೇಳಿದೆ, “ಒಳ್ಳೆ ರೂಮು ಯಾವುದಿದೆ?”

“ಒಳ್ಳೇದು ಇಲ್ಲ” ಎಂದರು. “ಯಾವ ಕೊರತೆ ನಿಮಗೆ ನಡೆಯುತ್ತೆ ಹೇಳಿ. ಅದನ್ನ ಕೊಡ್ತೀನಿ.”

ಜಗಳಕ್ಕೆಂದು ತೆರೆದ ನನ್ನ ಬಾಯಿ ತೆರೆದೇ ಇತ್ತು.

“ಬಿಸಿನೀರು ಇಲ್ಲದ ರೂಮಿದೆ. ಫ್ಯಾನ್ ಕಿರುಚೋ ರೂಮಿದೆ. ಕಿಟಕಿ ಮುಚ್ಚಕ್ಕೇ ಆಗದ್ದು ಒಂದಿದೆ. ಜನರೇಟರ್ ಮೇಲಿಂದು ಒಂದಿದೆ, ಗುಡುಗುಡು ಅನ್ನುತ್ತೆ, ಹೊಗೆನೂ ಬರುತ್ತೆ. ನೀವು ಏನು ಕೆಲಸ ಮಾಡೋದು?”

“ಲಿಫ್ಟ್ ಮೆಕ್ಯಾನಿಕ್.”

“ಹಾಗಿದ್ರೆ ಜನರೇಟರ್ ರೂಮು ನಿಮ್ಮದೇ. ಸದ್ದಿಲ್ಲದಿದ್ರೆ ನಿಮಗೆ ನಿದ್ದೆ ಬರಲ್ಲ” ಎಂದು ಕೀಲಿಕೈ ಮುಂದಿಟ್ಟರು.

ನಂಬಿದರೆ ನಂಬಿ, ಅಲ್ಲಿ ಸೊಗಸಾಗಿ ನಿದ್ದೆ ಮಾಡಿದೆ. ಅಂದಿನಿಂದ ಆ ಊರಿಗೆ ಹೋದಾಗಲೆಲ್ಲ ಆ ರೂಮು ನನ್ನದಾಯಿತು.

ಬಾಯಿ ಬಿಟ್ಟರೆ ಇಲ್ಲ ಎನ್ನುತ್ತಿದ್ದುದರಿಂದ ಎಲ್ಲರೂ ಅವರನ್ನು ಇಲ್ಲಕ್ಕ ಎಂದೇ ಕರೆಯುತ್ತಿದ್ದರು. ಅವರಿಗೂ ಬೇಸರವಿರಲಿಲ್ಲ. ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೇನೋ ಕೇಳಿ, ಯಾರಿಗೆ ಯಾವ ಕೊರತೆ ಒಗ್ಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಕಿವಿ ಮಂದವಾದ ತಾತನಿಗೆ ಕಿರುಚುವ ಫ್ಯಾನು. ತಣ್ಣೀರಲ್ಲೇ ಸ್ನಾನ ಮಾಡುವ ಹಳೆಯ ಸಿಪಾಯಿಗೆ ಬಿಸಿನೀರಿಲ್ಲದ ಕೋಣೆ. ಸೆಖೆಗೆ ಒದ್ದಾಡುವ ದಪ್ಪ ಮನುಷ್ಯನಿಗೆ ಮುಚ್ಚಲಾಗದ ಕಿಟಕಿ. ಯಾವ ಕೊರತೆಯೂ ಒಗ್ಗದ ಬಾಣಂತಿಯೋ ಎಳೆಮಗುವೋ ಬಂದರೆ ತಮ್ಮ ಲಾಡ್ಜಿನ ಗಿರಾಕಿಯನ್ನು ತಾವೇ ಹಿಂದಿನ ರಸ್ತೆಯ ಲಾಡ್ಜಿಗೆ ಕಳಿಸಿಬಿಡುತ್ತಿದ್ದರು. ಯಜಮಾನರು ಹಲ್ಲು ಕಡಿಯುತ್ತಿದ್ದರು. ಆದರೆ ಕೌಂಟರಿನ ಮುಂದೆ ಜಗಳವೇ ಆಗುತ್ತಿರಲಿಲ್ಲವಾದ್ದರಿಂದ ಸುಮ್ಮನಿದ್ದರು.

ನೀವು ಎಷ್ಟು ಒಳ್ಳೆಯವರು ಎಂದು ಒಮ್ಮೆ ಹೇಳಿಬಿಟ್ಟೆ. ಅವರಿಗೆ ನಗು ಬಂತು.

“ಒಳ್ಳೆಯವಳೂ ಅಲ್ಲ, ಏನೂ ಅಲ್ಲ. ಸೋಮಾರಿ. ಮೊದಮೊದಲು ನಾನೂ ಎಲ್ಲಾ ಸರಿಯಾಗಿದೆ ಅಂತಿದ್ದೆ. ಬೈಸ್ಕೊಂಡು ಬೈಸ್ಕೊಂಡು ಸುಸ್ತಾಯ್ತು. ಮೊದಲೇ ಹೇಳಿದ್ರೆ ಯಾರೂ ಬೈಯಲ್ಲ ನೋಡಿ.”

ಹಾಗೆನ್ನುತ್ತಿದ್ದ ಸೋಮಾರಿ, ಬಿಸಿನೀರಿಲ್ಲದ ಕೋಣೆಯಲ್ಲಿ ಯಾರಿಗಾದರೂ ಜ್ವರ ಬಂದರೆ ತಮ್ಮ ಸ್ಟವ್ ಮೇಲೆ ನೀರು ಕಾಯಿಸಿ ಬಕೆಟ್ ಹೊತ್ತು ಮೆಟ್ಟಿಲೇರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವರ ಸಂಸಾರವಿದ್ದುದು ಅಲ್ಲೇ, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಗಂಡ ಅದೇ ಲಾಡ್ಜಿನಲ್ಲಿ ವೈರಿಂಗ್ ಕೆಲಸ ನೋಡಿಕೊಂಡಿದ್ದವರು. ಅವರು ತೀರಿಕೊಂಡ ಮೇಲೆ ಕೌಂಟರಿನ ಕೆಲಸ, ಈ ಕೋಣೆ ಮತ್ತು ಗಂಡನ ತಾಯಿ, ಮೂರೂ ಇಲ್ಲಕ್ಕನ ಪಾಲಿಗೆ ಬಂದವು. ಅತ್ತೆಗೆ ನಡೆಯಲು ಕೋಲು ಬೇಕು, ನಾಲಿಗೆಗೆ ಮಾತ್ರ ಯಾವ ಆಸರೆಯೂ ಬೇಡ. ಇಬ್ಬರೂ ಬೆಳಗಿನಿಂದ ಸಂಜೆತನಕ ಜಗಳವಾಡುತ್ತಿದ್ದರು. ಒಬ್ಬರು ಊಟ ಮಾಡದೆ ಇನ್ನೊಬ್ಬರು ತಟ್ಟೆ ಮುಟ್ಟುತ್ತಿರಲಿಲ್ಲ.

ಯಜಮಾನರು ಹಾಸಿಗೆ ಹಿಡಿದ ಮೇಲೆ ಅವರ ಅಳಿಯ ಬಂದ. ಬಂದವನೇ ಮುಂಭಾಗಕ್ಕೆ ಬಣ್ಣ ಬಳಿಸಿದ, ಸೋಫಾ ತರಿಸಿದ, ಪ್ಲಾಸ್ಟಿಕ್ ಹೂವಿಟ್ಟ, ‘ನಿಮ್ಮ ಸಂತೋಷವೇ ನಮ್ಮ ಸಂತೋಷ’ ಎಂಬ ಫಲಕ ತೂಗುಹಾಕಿದ. ಮೇಲಿನ ನಲ್ಲಿ, ಫ್ಯಾನು, ಕಿಟಕಿಗಳನ್ನು ಅವನು ತಿರುಗಿಯೂ ನೋಡಲಿಲ್ಲ.

ಆ ಬಳಿಕ ನಾನು ಹೋದಾಗ ಇಲ್ಲಕ್ಕ ನೆಟ್ಟಗೆ ನಿಂತು ಹಲ್ಲು ಕಾಣುವಂತೆ ನಕ್ಕರು. “ಸ್ವಾಗತ ಸರ್. ನಿಮ್ಮ ರೂಮು ತುಂಬಾ ಚೆನ್ನಾಗಿದೆ ಸರ್.”

ನಾನು ಕೌಂಟರಿನ ಮೇಲೆ ಬಾಗಿ ಕೇಳಿದೆ, “ಅಕ್ಕಾ, ಮೈಯಲ್ಲಿ ಹುಷಾರಿಲ್ವಾ?”

ಅವರು ಕಣ್ಣಲ್ಲೇ ಸೋಫಾ ಕಡೆ ತೋರಿಸಿದರು. ಅಳಿಯ ಕಾಲ ಮೇಲೆ ಕಾಲು ಹಾಕಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಆಮೇಲೆ ಮೆಟ್ಟಿಲ ಹತ್ತಿರ ಸಿಕ್ಕಾಗ ಗುಟ್ಟಾಗಿ ಹೇಳಿದರು. “ಇನ್ನೊಂದು ಸಲ ಯಾರಿಗಾದ್ರೂ ಕೊರತೆ ಹೇಳಿದ್ರೆ ಕೆಲಸಾನೂ ಇಲ್ಲ, ಕೋಣೆನೂ ಇಲ್ಲ ಅಂದಿದ್ದಾರೆ. ನಾನೊಬ್ಬಳೇ ಆಗಿದ್ರೆ ಎಲ್ಲಾದ್ರೂ ಬಿದ್ದಿರ್ತಿದ್ದೆ. ಈ ವಯಸ್ಸಲ್ಲಿ ಅತ್ತೇನ ಎಲ್ಲಿಗೆ ಕರ್ಕೊಂಡು ಹೋಗ್ಲಿ?”

ಒಳಗಿನಿಂದ ಅತ್ತೆಯ ದನಿ ಬಂತು. “ನನ್ನ ನೆಪ ಹೇಳ್ಬೇಡ. ಸೊಂಟದಲ್ಲಿ ಅಷ್ಟು ಕೀಲಿಕೈ ಕಟ್ಕೊಂಡಿದ್ದೀಯಲ್ಲ, ಬಾಯಿಗೊಂದು ಬೀಗ ಹಾಕ್ಕೊಂಡು ಕೂತ್ಕೋ, ಸಾಕು.”

ಇಲ್ಲಕ್ಕ ಹಾಗೇ ಕೂತಿದ್ದರು. ಬಂದವರು ಮೇಲೆ ಹೋಗಿ, ಕೆಳಗಿಳಿದು, ಅವರ ಮುಖಕ್ಕೇ ಬೈದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನಾನು ಆಸ್ಪತ್ರೆಯ ಲಿಫ್ಟ್ ಕೆಲಸ ಮುಗಿಸಿ ಬಂದು ಅಲ್ಲಿ ಕೂತಿದ್ದಾಗ ಒಬ್ಬ ಮಗಳು ತನ್ನ ಮುದಿ ತಂದೆಯನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು. ಅವಳ ಕೈಯಲ್ಲಿ ಎಕ್ಸ್‌ರೇ ಕವರು. ಮುದುಕರು ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು.

“ಅಪ್ಪನಿಗೆ ಶ್ವಾಸಕೋಶದ ಆಪರೇಷನ್ ಆಗಿದೆ ಅಕ್ಕಾ. ಇವತ್ತು ಡಿಸ್ಚಾರ್ಜ್ ಮಾಡಿದ್ರು, ಆದ್ರೆ ಇನ್ನೂ ಸ್ವಲ್ಪ ದಿನ ಹತ್ತಿರದಲ್ಲೇ ಇರಿ ಅಂದಿದ್ದಾರೆ. ತೇವ, ಧೂಳು, ಹೊಗೆ ಏನೂ ಇರಬಾರದಂತೆ. ರೂಮು ಇದೆಯಾ? ಕೊರತೆ ಇದ್ರೆ ನಡೆಯುತ್ತಾ ಅಂತ ನೀವೇ ಮೊದಲು ಕೇಳ್ತೀರಂತೆ, ನೀವು ಚೆನ್ನಾಗಿದೆ ಅಂದ್ರೆ ಮೇಲೆ ಹೋಗಿ ನೋಡೋದೂ ಬೇಡ ಅಂತ ನರ್ಸ್ ಹೇಳಿದ್ರು.”

ಖಾಲಿಯಿದ್ದುದು ಮೂಲೆಯ ಕೋಣೆ ಒಂದೇ. ಅದರ ಗೋಡೆಯೊಳಗೆ ನೀರಿನ ಪೈಪು ಒಡೆದು ಎಷ್ಟೋ ಕಾಲವಾಗಿತ್ತು. ಕಪ್ಪಗೆ ಹಬ್ಬಿದ್ದ ಬೂಷ್ಟಿನ ಮೇಲೆ ಅಳಿಯ ನೇರವಾಗಿ ಬಣ್ಣ ಹೊಡೆಸಿದ್ದ. ಬಾಗಿಲ ಮುಂದೆ ಹಾದುಹೋದರೆ ಸಾಕು, ಗಂಟಲು ಕೆರೆಯುತ್ತಿತ್ತು. ನನ್ನ ಕೋಣೆ ಬಿಟ್ಟುಕೊಡೋಣವೆಂದರೆ ಅಲ್ಲಿ ಜನರೇಟರ್ ಹೊಗೆ.

ಅಳಿಯ ಸೋಫಾದಿಂದ ಎದ್ದು ಬಂದ. “ಇದೆ ಇದೆ, ಫಸ್ಟ್ ಕ್ಲಾಸ್ ರೂಮು. ಈಗಷ್ಟೇ ಪೇಂಟ್ ಮಾಡಿಸಿದ್ದೀವಿ. ಕೀ ಕೊಡಿ ಇವರಿಗೆ.”

ಇಲ್ಲಕ್ಕ ಗೊಂಚಲಿನಿಂದ ಕೀಲಿಕೈ ಬಿಡಿಸಿ ಕೌಂಟರಿನ ಮೇಲಿಟ್ಟರು. ಅದರ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ. ಮೆಟ್ಟಿಲ ಕೆಳಗಿನ ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ಅತ್ತೆ ಕೋಲು ಹಿಡಿದು ನಿಂತಿದ್ದರು.

“ರೂಮು ಚೆನ್ನಾಗಿಲ್ಲಮ್ಮ” ಎಂದರು ಇಲ್ಲಕ್ಕ. “ಗೋಡೆ ಪೂರ್ತಿ ಒದ್ದೆ. ಪೇಂಟಿನ ಕೆಳಗೆ ಬೂಷ್ಟು. ನಿಮ್ಮ ತಂದೆಗೆ ಅಲ್ಲಿ ಒಂದು ದಿನಾನೂ ಬೇಡ. ಔಷಧಿ ಅಂಗಡಿ ಮುಂದೆ ಬೆಂಚಿದೆ, ಅವರನ್ನ ಕೂರಿಸಿರಿ. ಬಂದೆ.”

ಮಗಳು ತಂದೆಯನ್ನು ಹೊರಗೆ ಕರೆದೊಯ್ದಳು. ಅಳಿಯ ಕೂಗಾಡಲಿಲ್ಲ. ಅದೇ ನಗುಮುಖದಲ್ಲಿ, “ಸಂಜೆಯೊಳಗೆ ಕೋಣೆ ಖಾಲಿ ಮಾಡಿ” ಎಂದ. ಕೂಗಾಡಿದವನು ನಾನು. ಜೀವಮಾನವಿಡೀ ಲಾಡ್ಜುಗಳಲ್ಲಿ ಕಲಿತ ಬೈಗುಳವನ್ನೆಲ್ಲ ಒಂದೂ ಉಳಿಸದೆ ಅವನ ಮೇಲೆ ಸುರಿದೆ. ಅವನು ಫೋನು ನೋಡುತ್ತ ಕೂತ. ಇಲ್ಲಕ್ಕ ಗೊಂಚಲು ಬಿಚ್ಚಿ ಕೌಂಟರಿನ ಮೇಲಿಟ್ಟು, “ಬಿಡಿ ಸರ್, ಟ್ರಂಕಿಗೆ ಒಂದು ಕೈ ಕೊಡಿ” ಎಂದರು.

ಸಂಜೆಯವರೆಗೆ ಕಾಯುವಷ್ಟು ಸಾಮಾನೇ ಇರಲಿಲ್ಲ. ಒಂದು ಟ್ರಂಕು, ಒಂದು ಸ್ಟವ್ವು, ಹಾಸಿಗೆಯ ಸುರುಳಿ. ಅತ್ತೆ ಸೊಸೆಯನ್ನು ಬೈಯುತ್ತಲೇ ಹೊರಟರು, “ಬೀಗ ಹಾಕ್ಕೋ ಅಂದ್ರೆ ಕೇಳಿದ್ಯಾ? ಈಗ ರಸ್ತೆಗೆ ಬಂದ್ವಿ, ಸಂತೋಷ ತಾನೇ?” ಅಳಿಯನ ಮುಂದೆ ಬಂದಾಗ ಮಾತ್ರ ನಿಂತು ಕೋಲು ನೆಲಕ್ಕೆ ಕುಟ್ಟಿದರು. “ಏನಪ್ಪ, ಗೋಡೆ ಒದ್ದೆ ಅಂದಿದ್ದು ಸುಳ್ಳಾ? ನೀನೇ ಹೇಳು.” ಅವನು ಎದ್ದು ಹೋಗಿ ಪ್ಲಾಸ್ಟಿಕ್ ಹೂವನ್ನು ಸರಿಮಾಡತೊಡಗಿದ.

ಹೊರಗೆ ಬೆಂಚಿನ ಮೇಲೆ ಮಗಳು ಫೋನು ಹಿಡಿದು ಕೂತಿದ್ದಳು. ಕೇಳಿದ ಕಡೆಯೆಲ್ಲ ರೂಮಿಲ್ಲ ಎಂದಿದ್ದರಂತೆ. ಇಲ್ಲಕ್ಕ ಅವಳ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡು, “ಬನ್ನಿ, ಹಿಂದಿನ ರಸ್ತೆಯಲ್ಲಿ ಒಂದು ಜಾಗ ಇದೆ” ಎಂದರು.

ಮಗಳು ನನ್ನ ತಲೆಯ ಮೇಲಿನ ಟ್ರಂಕು ನೋಡಿದಳು. “ಊರಿಗೆ ಹೊರಟ್ರಾ ಅಕ್ಕಾ?”

“ಹೂಂ, ಸ್ವಲ್ಪ ದಿನ ಹೋಗಿ ಬರೋಣ ಅಂತ.”

ಅಳಿಯ ಹೇಳಿಸಿದ್ದನ್ನು ಬಿಟ್ಟರೆ ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.

ಹಿಂದಿನ ರಸ್ತೆಯ ಲಾಡ್ಜಿನ ಮ್ಯಾನೇಜರ್ ಇಲ್ಲಕ್ಕನನ್ನು ಕಂಡೊಡನೆ ಎದ್ದು ನಿಂತ. ಇಷ್ಟು ವರ್ಷ ಅವರು ಕಳಿಸಿದ ಗಿರಾಕಿಗಳಿಂದಲೇ ಅವನ ಅರ್ಧ ವ್ಯಾಪಾರ ನಡೆದಿತ್ತು. ಮುಂದೆ ಅವನೇ ಅವರಿಗೆ ಕೆಲಸ ಕೊಟ್ಟ, ಈಗಲೂ ಅವರು ಅಲ್ಲೇ ಇದ್ದಾರೆ. ಆದರೆ ಅಂದು ಅದು ಅವರಿಗಾಗಲಿ ನಮಗಾಗಲಿ ಗೊತ್ತಿರಲಿಲ್ಲ.

“ಇರೋದು ಒಂದೇ ರೂಮು” ಎಂದ ಅವನು ಟ್ರಂಕಿನ ಕಡೆ ನೋಡುತ್ತ. “ಯಾರಿಗೆ?”

“ಇವರಿಗೆ” ಎಂದು ಇಲ್ಲಕ್ಕ ತಂದೆ ಮಗಳನ್ನು ತೋರಿಸಿದರು. ಮುಂದಾಗಿ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದರು, ದಿಂಬು ಮೂಸಿದರು, ಕಿಟಕಿ ತೆಗೆದು ಮುಚ್ಚಿದರು. “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಮುದುಕರನ್ನು ಮಂಚದ ಮೇಲೆ ಕೂರಿಸಿ, ಚೀಲವನ್ನು ಮೂಲೆಯಲ್ಲಿಟ್ಟು, “ಬರ್ತೀವಮ್ಮ” ಎಂದು ಹೊರಟರು.

ಅತ್ತೆಗೆ ತಡೆಯಲಾಗಲಿಲ್ಲ. “ಎಲ್ಲಿಗೆ ಬರ್ತೀವಿ? ಇವರಿಗೇನೋ ಕೋಣೆ ಆಯ್ತು. ಇವರಿಗೆ ನಿಜ ಹೇಳೋಕೆ ಹೋಗಿ ಕೆಲಸ ಕಳ್ಕೊಂಡೆ, ಮನೆ ಕಳ್ಕೊಂಡೆ. ಈಗ ನನ್ನನ್ನ ಯಾವ ಕಟ್ಟೆ ಮೇಲೆ ಮಲಗಿಸ್ತೀಯಾ?”

“ಅತ್ತೆ, ಸುಮ್ನಿರಿ” ಎಂದರು ಇಲ್ಲಕ್ಕ.

ಮಗಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಕೈಯಿಂದ ಟ್ರಂಕು ಕಿತ್ತುಕೊಂಡು ಒಳಗೆಳೆದು ಗೋಡೆಗೊರಗಿಸಿದಳು.

“ಎರಡು ಮಂಚ ಇದೆ. ಒಂದು ಅಪ್ಪನಿಗೆ, ಒಂದು ಅಜ್ಜಿಗೆ. ನಾವಿಬ್ಬರು ಕೆಳಗೆ ಮಲಗೋಣ. ಬೇಡ ಅನ್ನಬೇಡಿ ಅಕ್ಕಾ.”

“ರೋಗಿ ಇರೋ ಕೋಣೆ, ನಾವು ತುಂಬ್ಕೊಂಡ್ರೆ ಅವರಿಗೆ ತೊಂದರೆ” ಎಂದು ಇಲ್ಲಕ್ಕ ಬಾಗಿಲಲ್ಲೇ ನಿಂತರು.

ಆಗ ಮುದುಕರು ಕೈಯೆತ್ತಿದರು. ಮಾತಾಡಿದರೆ ಆಯಾಸವೆಂದು ಅಲ್ಲಿಯವರೆಗೆ ಅವರು ತುಟಿ ಬಿಚ್ಚಿರಲಿಲ್ಲ. ಮಾತಿಗೊಮ್ಮೆ ನಿಂತು, ಉಸಿರು ಕೂಡಿಸಿಕೊಂಡು ಹೇಳಿದರು.

“ತಾಯೀ, ಮೊದಲೇ ಹೇಳಿಬಿಡ್ತೀನಿ. ನಾನು ಬೆಳಗಿನ ತನಕ ಕೆಮ್ತೀನಿ. ಪಕ್ಕದಲ್ಲಿ ಇದ್ದವರಿಗೆ ನಿದ್ದೆ ಇರಲ್ಲ. ಅದೊಂದು ಕೊರತೆ. ನಿಮಗೆ ನಡೆಯುತ್ತಾ?”

ಕೆಲಸ ಹೋದಾಗ, ಕೋಣೆ ಬಿಟ್ಟಾಗ ಇಲ್ಲಕ್ಕನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈಗ ಹೊಸ್ತಿಲ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಅವರನ್ನು ದಾಟಿಕೊಂಡು ಹೋಗಿ ಇನ್ನೊಂದು ಮಂಚದ ಮೇಲೆ ಕೂತರು.

“ಅಳ್ತಾ ಕೂತ್ರೆ ಹೇಗೆ? ದೊಡ್ಡೋರು ಕೇಳ್ತಿದ್ದಾರಲ್ಲ, ಉತ್ತರ ಕೊಡು.”

“ನಡೆಯುತ್ತೆ ಅಪ್ಪಾ” ಎಂದರು ಇಲ್ಲಕ್ಕ.