ತಮ್ಮನ ಪಾಲಿನ ಮೂವತ್ತೊಂದು ವರ್ಷ

ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನು ಮೂವತ್ತಾರು ವರ್ಷ ಲೇತ್ ಯಂತ್ರ ನಡೆಸಿದ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಪ್ಪುತ್ತಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲಿ ‘ಕೂದಲೆಳೆ’ ಆಗಿಬಿಟ್ಟಿದ್ದ. ತಾಯಿ ತೀರಿಕೊಂಡಾಗ ಅವನಿಗೆ ಇಪ್ಪತ್ತೇಳು, ತಮ್ಮನಿಗೆ ಹದಿನೆಂಟು. ತಮ್ಮ ಆಳೆತ್ತರ ಬೆಳೆದಿದ್ದರೂ ಬುದ್ಧಿ ಆರು ವರ್ಷದಲ್ಲೇ ನಿಂತುಹೋಗಿತ್ತು. ಕೂದಲೆಳೆಯ ಮದುವೆಯ ಮಾತಿಗೆಂದು ಬಂದವರೆಲ್ಲ ಒಳಕೋಣೆಯಲ್ಲಿ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದ ತಮ್ಮನನ್ನು ಕಂಡು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಎದ್ದುಹೋಗುತ್ತಿದ್ದರು. ನಾಲ್ಕು ಸಲ ಹಾಗಾದ ಮೇಲೆ ಅವನೇ ಆ ಮಾತು ಬಿಟ್ಟುಬಿಟ್ಟ.

ಅವನಿಗೆ ಐವತ್ತೆಂಟಾದ ವರ್ಷ ತಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಡಾಕ್ಟರು ಎದೆ ಬೆನ್ನು ಎಲ್ಲ ನೋಡಿ ನಕ್ಕರು.

“ಏನೂ ಇಲ್ಲ. ಹೃದಯ ಕಲ್ಲಿನ ಹಾಗಿದೆ. ಎಂಬತ್ತು ದಾಟ್ತಾನೆ ನೋಡ್ತಾ ಇರಿ.”

ಬೇರೆ ಯಾರಾದರೂ ಕೈ ಮುಗಿಯುತ್ತಿದ್ದರೇನೋ. ಕೂದಲೆಳೆ ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕುಸಿದು ಕುಳಿತ. ತಮ್ಮನಿಗೆ ಆಗ ನಲವತ್ತೊಂಬತ್ತು. ಇನ್ನೂ ಮೂವತ್ತೊಂದು ವರ್ಷ. ಅವನ ಪಕ್ಕದಲ್ಲೇ ಕೂತು ತಮ್ಮ ಔಷಧಿಯ ಚೀಟಿಯನ್ನು ಮಡಚಿ ಮಡಚಿ ಪುಟ್ಟದು ಮಾಡುತ್ತಿದ್ದ.

ಆ ಭಾನುವಾರ ಅವನು ನೋಟುಪುಸ್ತಕ ಹಿಡಿದು ಕುಳಿತ. ಪ್ರಾವಿಡೆಂಟ್ ಫಂಡಿನ ಹಣ, ಬ್ಯಾಂಕಿನಲ್ಲಿದ್ದದ್ದು, ಬರಲಿರುವ ಪೆನ್ಷನ್ನು. ತನ್ನ ಆಯುಸ್ಸನ್ನು ಎಪ್ಪತ್ತಕ್ಕೆ ನಿಲ್ಲಿಸಿಕೊಂಡ. ಎಷ್ಟು ಬಿಗಿಹಿಡಿದು ಎಳೆದರೂ ತಮ್ಮನ ಕೊನೆಯ ಹದಿನಾಲ್ಕು ವರ್ಷಕ್ಕೆ ಬಿಡಿಗಾಸೂ ಉಳಿಯಲಿಲ್ಲ. ಹಣ ಉಳಿದರೂ ಅದನ್ನು ಹಿಡಿದು ಅಂಗಡಿಗೆ ಹೋಗುವವರು ಯಾರು?

ಮರುದಿನ ಆಫೀಸಿಗೆ ಹೋಗಿ ಪೆನ್ಷನ್ ಗುಮಾಸ್ತನನ್ನು ಕೇಳಿದ.

“ನಾನು ಹೋದ್ಮೇಲೆ ತಮ್ಮನಿಗೆ ಬರತ್ತಾ?”

“ತಮ್ಮಂದಿರಿಗೆ ಇಲ್ಲ ಅಣ್ಣಾ. ಹೆಂಡ್ತಿ ಇದ್ರೆ ಅವರು ಇರೋ ತನಕ ಅರ್ಧ. ಇಲ್ಲಾಂದ್ರೆ ಮಕ್ಕಳಿಗೆ. ಅಷ್ಟೇ ರೂಲು,” ಎಂದ ಗುಮಾಸ್ತ, ಮುಖ ನೋಡಿ ತಮಾಷೆ ಮಾಡಿದ: “ಯಾಕೆ, ಯಾರನ್ನಾದ್ರೂ ನೋಡ್ಕೊಂಡಿದ್ದೀರಾ?”

ತಮಾಷೆಯ ಮಾತು ತಲೆ ಹೊಕ್ಕು ಕೂತಿತು. ಹದಿನೈದು ದಿನ ಕಳೆದು, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವನು ಕ್ಯಾಂಟೀನಿನಾಕೆಯ ಮುಂದೆ ನಿಂತ. ಆಕೆ ವಿಧವೆ, ಐವತ್ತರ ಆಸುಪಾಸು. ಇಪ್ಪತ್ತು ವರ್ಷದಿಂದ ಅವನ ಬುತ್ತಿಗೆ ತಮ್ಮನಿಗೆಂದು ಒಂದು ಬನ್ನು ಹೆಚ್ಚಿಗೆ ಹಾಕಿ ಕಳಿಸುತ್ತಿದ್ದವಳು. ಅವನು ಯಂತ್ರದ ಬಿಡಿಭಾಗ ವಿವರಿಸುವವನಂತೆ ಎಲ್ಲವನ್ನೂ ಹೇಳಿದ: ಪೆನ್ಷನ್ ಎಷ್ಟು, ಅರ್ಧ ಎಷ್ಟು, ತಮ್ಮ ಏನೇನು ತಿನ್ನುತ್ತಾನೆ.

ಆಕೆ ಒರೆಸುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. “ಅಂದ್ರೆ ನನ್ನ ಮದ್ವೆ ಆಗ್ತೀನಿ ಅಂತಿದ್ದೀರೋ, ಕೆಲಸಕ್ಕೆ ಇಟ್ಕೋತೀನಿ ಅಂತಿದ್ದೀರೋ?”

ಅವನ ಕಿವಿ ಕೆಂಪಗಾಯಿತು. “ಹಾಗಲ್ಲ... ನೀವು ನಂಬಿಗಸ್ಥರು ಅಂತ...”

ಆಕೆ ನಕ್ಕಳು. ನಗು ಬೇಗ ಆರಿಹೋಯಿತು. “ನಮ್ಮೆಜಮಾನ್ರು ಇಲ್ಲೇ ಎರಕದ ಶೆಡ್ಡಲ್ಲಿ ಹೋಗಿದ್ದು. ಆ ಪೆನ್ಷನ್ನಲ್ಲೇ ನನ್ನ ಮನೆ ಬಾಡಿಗೆ. ಮತ್ತೆ ಮದ್ವೆ ಆದ್ರೆ ಮಾರನೇ ತಿಂಗಳಿಂದ ಅದು ನಿಂತುಹೋಗತ್ತೆ. ನಿಮ್ಮ ಅರ್ಧ ನನ್ನ ಕೈಗೆ ಬರೋದು ನೀವು ಹೋದ್ಮೇಲೆ. ನನಗಿಂತ ಮೊದ್ಲು ಸಾಯ್ತೀನಿ ಅಂತ ನೀವು ಬರ್ಕೊಡ್ತೀರಾ?”

ಆಕೆ ಮತ್ತೆ ಬಟ್ಟೆ ಎತ್ತಿಕೊಂಡು, ಒರೆಸಿದ ಮೇಜನ್ನೇ ಒರೆಸುತ್ತ ಹೇಳಿದಳು: “ಆ ಪೆನ್ಷನ್ ಒಂದು ಇಲ್ದಿದ್ರೆ ಹೂಂ ಅಂತಿದ್ದೆನೋ ಏನೋ.”

ವಾರದ ಮೇಲೆ ಆಕೆಯೇ ಒಂದು ವಿಳಾಸ ಬರೆದುಕೊಟ್ಟಳು. ತಮ್ಮನಂಥವರನ್ನು ನೋಡಿಕೊಳ್ಳುವ ನಿಲಯ. ಆಕೆಯ ಚಿಕ್ಕಪ್ಪನ ಮಗಳು ಅಲ್ಲಿ ಅಡುಗೆಮನೆಯಲ್ಲಿದ್ದಳು. ಒಂದೇ ಸಲ ದೊಡ್ಡ ಠೇವಣಿ ಕಟ್ಟಿದರೆ ಕೊನೆಯುಸಿರಿನವರೆಗೂ ಅವರದೇ ಹೊಣೆ. ಆದರೆ ಐವತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ತಮ್ಮನಿಗೆ ಐವತ್ತು ತುಂಬಲು ಉಳಿದದ್ದು ಏಳು ತಿಂಗಳು. ಫಂಡಿನ ಪೂರ್ತಿ ಹಣ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು. ನಿವೃತ್ತಿಗೆ ಎರಡು ವರ್ಷ ಮೊದಲೇ ಬಿಟ್ಟರೆ ಪೆನ್ಷನ್ನಿನಲ್ಲಿ ಐದನೇ ಒಂದು ಪಾಲು ಕಡಿತ.

“ಇನ್ನೆರಡು ವರ್ಷ ತಡೀಬಾರ್ದೇನಪ್ಪಾ?” ಎಂದರು ಕಾರ್ಖಾನೆಯ ಮೇಸ್ತ್ರಿ, ಅವನ ರಾಜೀನಾಮೆ ಪತ್ರ ನೋಡಿ.

“ಅವನಿಗೆ ಐವತ್ತಾಗೋದನ್ನ ತಡೆಯೋಕಾಗಲ್ವಲ್ಲ,” ಎಂದ ಕೂದಲೆಳೆ.

ಠೇವಣಿ ಕಟ್ಟಿದ ದಿನ ತಮ್ಮ ಹೊಸ ಅಂಗಿ ತೊಟ್ಟು ಖುಷಿಯಲ್ಲಿದ್ದ. ಆರು ಮಂಚಗಳ ಕೋಣೆಯನ್ನೆಲ್ಲ ಸುತ್ತಿ ನೋಡಿ ಕೇಳಿದ: “ಅಣ್ಣಾ, ನಿನ್ನ ಮಂಚ ಯಾವ್ದು?”

“ನಂದು ಮನೇಲಿದೆ ಪುಟ್ಟಾ.”

ಆಗ ತಮ್ಮನಿಗೆ ವಿಷಯ ಹೊಳೆಯಿತು. ಅಣ್ಣನ ಅಂಗಿ ಹಿಡಿದುಕೊಂಡವನು ಬಿಡಲೇ ಇಲ್ಲ. ಇಬ್ಬರು ಆಯಾಗಳು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕೂದಲೆಳೆ ಮನೆ ಖಾಲಿ ಮಾಡಿ ಒಂಟಿ ಕೋಣೆಯೊಂದಕ್ಕೆ ಬಂದ. ಪೆನ್ಷನ್ ಸಾಲದೆ ಗಲ್ಲಿಯೊಂದರ ಸಣ್ಣ ಶೆಡ್ಡಿನಲ್ಲಿ ಪೀಸಿಗಿಷ್ಟು ಎಂದು ತೂತು ಕೊರೆಯುವ ಕೆಲಸ ಹಿಡಿದ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ನಿಲಯಕ್ಕೆ ಹೋಗುವನು. ಹೊರಡುವಾಗ ತಮ್ಮ ಗೇಟಿನ ಸರಳು ಹಿಡಿದು ಅಳುವನು. ಕರೆದುಕೊಂಡು ಹೋಗಿಬಿಡಲೇ ಎಂದು ಎಷ್ಟೋ ಸಲ ಅಣ್ಣ ಬಸ್ ಸ್ಟಾಪಿನಿಂದ ಗೇಟಿನ ಕಡೆಗೆ ತಿರುಗುತ್ತಿದ್ದ. ಆದರೆ ಸೇರಿ ಒಂದು ತಿಂಗಳು ಕಳೆದರೆ ಠೇವಣಿ ವಾಪಸಿಲ್ಲ ಎಂಬ ಸಾಲನ್ನು ಓದಿಯೇ ಅವನು ಸಹಿ ಹಾಕಿದ್ದ.

ಚಳಿಗಾಲದ ಹೊತ್ತಿಗೆ ಅಳು ನಿಂತಿತು. ಮೊದಮೊದಲು ಅವನಿಗೆ ಎದೆಯ ಭಾರ ಇಳಿದಂತಾಯಿತು. ಒಂದು ಭಾನುವಾರ ಹೋದಾಗ ತಮ್ಮ ಅಂಗಳದಲ್ಲಿ ಇನ್ನೂ ಮೂವರ ಜತೆ ಬಟಾಣಿ ಸುಲಿಯುತ್ತಿದ್ದ. ಕೊಳೆತದ್ದು ಆ ಕಡೆ, ಒಳ್ಳೆಯದು ಈ ಕಡೆ ಎಂದು ಉಳಿದವರಿಗೆಲ್ಲ ಅವನದೇ ಹುಕುಂ. ಅಣ್ಣನನ್ನು ಕಂಡು ನಕ್ಕ. ಆದರೆ ಮೇಲೇಳಲಿಲ್ಲ.

“ಇವತ್ತು ತುಂಬಾ ಕೆಲ್ಸ ಇದೆ ಅಣ್ಣಾ. ನಾಳೆ ಬಾ.”

“ಆಯ್ತು ಪುಟ್ಟಾ.”

ನಿಲಯ ನೋಡಿಕೊಳ್ಳುತ್ತಿದ್ದ ಹೆಂಗಸು ಅವನ ಪಕ್ಕ ಬಂದು ನಿಂತಳು. “ಈಗ ಪೂರ್ತಿ ಹೊಂದಿಕೊಂಡಿದ್ದಾನೆ. ನೀವು ಪ್ರತಿ ವಾರ ಅಷ್ಟು ದೂರದಿಂದ ಬರ್ಲೇಬೇಕು ಅಂತೇನಿಲ್ಲ. ವಯಸ್ಸಾಯ್ತಲ್ಲ ನಿಮಗೂ.”

“ಭಾನುವಾರ ನನಗಾದ್ರೂ ಏನು ಕೆಲ್ಸ ಇದೆ, ಮೇಡಂ,” ಎಂದ ಅವನು. ಆಮೇಲೆ ಜಗಲಿಯ ಬೆಂಚಿನ ತುದಿಯಲ್ಲಿ, ಯಾರಿಗೂ ಅಡ್ಡವಾಗದಂತೆ, ಭೇಟಿಯ ಸಮಯ ಮುಗಿಯುವವರೆಗೂ ಕುಳಿತಿದ್ದ.